ಹತ್ತು ವರುಷ, ಐದು ಆಲ್ಬಮ್: ಒಬ್ಬ ಕೇಳುಗನ ಶ್ರೇಯಾಂಕ

ರಾಕ್ ಸಂಗೀತವೆಂದೊಡನೆ ನಮ್ಮ ಹಿರಿಯರಲ್ಲಿ ಅನೇಕರು ಹುಬ್ಬು ಗಂಟಿಕ್ಕುವುದು ಸಹಜ. ಕಿವಿಗಡಚಿಕ್ಕುವ ಸದ್ದು, ತಿಳಿಯದ ಮಾತು, ಕೆದರಿದ ಕೂದಲು, ಇವೇ ಅದರ ಲಕ್ಷಣಗಳೆಂದು ಭಾವಿಸಿದವರು ಬಹಳ. ಆದರೆ ಆ ಸಂಗೀತದ ಬೇರುಗಳನ್ನು ಹುಡುಕುತ್ತ ಹೋದರೆ ನಾವು ತಲಪುವುದು ಅಮೆರಿಕದ ಕಪ್ಪು ಜನರ ಬ್ಲೂಸ್ ಹಾಡುಗಳಿಗೆ ಮತ್ತು ಅವರ ಚರ್ಚುಗಳ ಗಾಸ್ಪೆಲ್ ಗೀತೆಗಳಿಗೆ. 1950ರ ದಶಕದಲ್ಲಿ ‘ರಾಕ್ ಅಂಡ್ ರೋಲ್’ ಎಂಬ ಹೆಸರು ಲೋಕಪ್ರಸಿದ್ಧವಾಗುವ ಮುನ್ನವೇ ಸಿಸ್ಟರ್ ರೊಸೆಟಾ ಥಾರ್ಪ್ (1915–1973) ಎಂಬ ಗಾಯಕಿ ವಿದ್ಯುತ್ ಗಿಟಾರನ್ನು ಕೊರಳಿಗೆ ಹಾಕಿಕೊಂಡು ಭಕ್ತಿಗೀತೆಗಳನ್ನು ಹಾಡಿದ್ದರು. ಆಕೆ ಕನ್ಯಾಸ್ತ್ರೀಯಲ್ಲ, ಆ ಸಭೆಗಳಲ್ಲಿ ಸೋದರಿಯೆಂದು ಕರೆಯುವುದು ರೂಢಿ. ದುಃಖದಲ್ಲಿದ್ದ ಜನ ತಮ್ಮ ದನಿಯನ್ನು ತಾವೇ ಎತ್ತರಿಸಿಕೊಂಡ ಬಗೆಯೇ ಮುಂದೆ ರಾಕ್ ಆಯಿತು ಎಂದರೆ ತಪ್ಪಾಗಲಾರದು.

ಇಷ್ಟಾದರೂ ಓದುಗರು ಕೇಳಬಹುದು: ಚಿಕ್ಕಪಡಸಲಗಿಯಂಥ ಹೊಳೆದಂಡೆಯ ಊರಿನಲ್ಲಿ ಕುಳಿತು ಬೆಂಗಳೂರು, ಮೈಸೂರುಗಳ ಗಿಟಾರ್ ತಂಡಗಳ ವಿಚಾರವೇಕೆ? ನಮ್ಮ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಸೀಮೆಗೆ ಹಾಡಿನ ಬಡತನವಿದೆಯೇ? ಖಂಡಿತ ಇಲ್ಲ. ಭಜನಾ ಪದ, ಡೊಳ್ಳಿನ ಪದ, ಗೀಗೀ ಪದ, ರಾತ್ರಿಯಿಡೀ ನಡೆಯುವ ಶ್ರೀಕೃಷ್ಣ ಪಾರಿಜಾತ, ಇವೆಲ್ಲ ಇಲ್ಲಿನ ಮಣ್ಣಿನವೇ. ಆದರೆ ಇಂದು ಒಂದೇ ಮನೆಯಲ್ಲಿ ಎರಡು ಸಂಗೀತಗಳಿವೆ. ಪಡಸಾಲೆಯಲ್ಲಿ ಅಜ್ಜನ ಭಜನಾ ಪದ. ಒಳಕೋಣೆಯಲ್ಲಿ, ಬೆಂಗಳೂರಿಗೋ ಪುಣೆಗೋ ದುಡಿಯಲು ಹೋಗಿ ಹಬ್ಬಕ್ಕೆ ಮರಳಿದ ಮೊಮ್ಮಗನ ಕಿವಿಯೊಳಗಿನ ಗಿಟಾರು. ಇಬ್ಬರೂ ಕೂಡಿ ಕುಳಿತು ಕೇಳುವ ಹಾಡು ಇಲ್ಲದಂತಾದರೆ ಮನೆಯ ಒಂದು ಮಾತುಕತೆಯೇ ನಿಂತುಹೋದಂತೆ. ಆ ಮಾತುಕತೆಯನ್ನು ಮತ್ತೆ ಹೂಡಬಲ್ಲ ಆಲ್ಬಮ್‌ಗಳು ನಮ್ಮ ರಾಜ್ಯದಲ್ಲೇ ಹುಟ್ಟಿವೆಯೇ ಎಂಬುದು ಈ ಬರಹದ ಪ್ರಶ್ನೆ.

ಇದಕ್ಕಾಗಿ 2008ರಿಂದ 2018ರವರೆಗಿನ ಹತ್ತು ವರುಷಗಳನ್ನು ಆರಿಸಿಕೊಂಡಿದ್ದೇನೆ. ರಘು ದೀಕ್ಷಿತರ ಮೊದಲ ಆಲ್ಬಮ್ ಬಂದದ್ದು 2008ರಲ್ಲಿ. ಸ್ವರಾತ್ಮ ತಂಡದ ‘ರಾಹ್-ಎ-ಫಕೀರಾ’ ಬಂದದ್ದು 2018ರಲ್ಲಿ. ಜನಪದವನ್ನೂ ರಾಕ್ ಸಂಗೀತವನ್ನೂ ಬೆಸೆಯುವ ಪ್ರಯತ್ನ ಕರ್ನಾಟಕದಲ್ಲಿ ಇಡೀ ಆಲ್ಬಮ್‌ಗಳ ರೂಪದಲ್ಲಿ ಕಾಣಿಸಿಕೊಂಡದ್ದು ಹೆಚ್ಚಾಗಿ ಈ ಅವಧಿಯಲ್ಲಿ. ಆ ಬಳಿಕವೂ ಆಲ್ಬಮ್‌ಗಳು ಬಂದಿವೆ. ಥರ್ಮಲ್ ಅಂಡ್ ಎ ಕ್ವಾರ್ಟರ್ ತಂಡ 2020ರಲ್ಲಿ ‘ಎ ವರ್ಲ್ಡ್ ಗಾನ್ ಮ್ಯಾಡ್’ ಹೊರತಂದಿತು. ಬೆಂಗಳೂರಿನ ಹೆವಿ ಮೆಟಲ್ ತಂಡ ಕ್ರಿಪ್ಟೋಸ್ 2024ರಲ್ಲಿ ‘ಡೆಸಿಮೇಟರ್’ ನೀಡಿತು. ಆದರೆ ಹಾಡುಗಳು ಒಂದೊಂದಾಗಿ ಫೋನಿಗೆ ಬಂದು ಒಂದೊಂದಾಗಿ ಮರೆಯಾಗುವ ಕಾಲವಿದು. ಕವಿಯೊಬ್ಬ ತನ್ನ ಕವನಗಳನ್ನು ಒಂದು ಕ್ರಮದಲ್ಲಿ ಜೋಡಿಸಿ ಸಂಕಲನ ಮಾಡುವಂತೆ ಹಾಡುಗಳನ್ನು ಜೋಡಿಸುವ ಕಲೆಯೇ ಆಲ್ಬಮ್. ಅದನ್ನು ಅದರ ಕ್ರಮದಲ್ಲೇ ಕೇಳಿ ತೂಗಬೇಕು.

ನನ್ನ ಅಳತೆಗೋಲು ಮೂರು. ಮೊದಲನೆಯದು ಮಾತು: ಸದ್ದು ಅಡಗಿದ ಮೇಲೂ ಹಾಡಿನ ಮಾತು ಮನಸ್ಸಿನಲ್ಲಿ ನಿಲ್ಲುವುದೇ? ಎರಡನೆಯದು ಹೊಂದಿಕೆ: ಗಿಟಾರು, ಡ್ರಮ್ಸ್‌ಗಳು ಆ ಮಾತಿಗೆ ಏನನ್ನಾದರೂ ಕೂಡಿಸುತ್ತವೆಯೋ, ಇಲ್ಲವೆ ಹಬ್ಬದ ದೀಪದ ಸರದಂತೆ ಹೊರಗಿನ ಅಲಂಕಾರವಾಗಿ ಉಳಿಯುತ್ತವೆಯೋ? ಮೂರನೆಯದು ಹೊಸತನ: ಹಿಂದಿನವರು ಕೊಟ್ಟದ್ದನ್ನು ಹಾಡಿದ್ದಷ್ಟೇ ಅಲ್ಲದೆ ತಮ್ಮ ಕಾಲದ ಒಂದು ಮಾತನ್ನಾದರೂ ಸೇರಿಸಿದ್ದಾರೆಯೇ? ಈ ಮೂರರಿಂದ ಅಳೆದು, ಐದನೆಯ ಸ್ಥಾನದಿಂದ ಮೊದಲನೆಯದರತ್ತ ಬರೋಣ.

ಐದನೆಯದು: ‘3 ವೀಲ್ಸ್ 9 ಲೈವ್ಸ್’ (2012)

ಥರ್ಮಲ್ ಅಂಡ್ ಎ ಕ್ವಾರ್ಟರ್ ತಂಡವು 1996ರಲ್ಲಿ ಬೆಂಗಳೂರಿನ ಕ್ರೈಸ್ಟ್ ಕಾಲೇಜಿನಲ್ಲಿ ಹುಟ್ಟಿಕೊಂಡಿತು. ಗಿಟಾರ್ ನುಡಿಸುತ್ತ ಹಾಡುವ ಬ್ರೂಸ್ ಲೀ ಮಣಿ, ಡ್ರಮ್ಸ್ ನುಡಿಸುವ ರಾಜೀವ್ ರಾಜಗೋಪಾಲ್ ಈ ತಂಡದ ಆಧಾರಸ್ತಂಭಗಳು. ಮೂರು ತಟ್ಟೆಗಳ ಈ ದೊಡ್ಡ ಆಲ್ಬಮ್ ಬೆಂಗಳೂರಿನ ಆಟೋರಿಕ್ಷಾವನ್ನೇ ತನ್ನ ವಾಹನವಾಗಿ ಆರಿಸಿಕೊಂಡಿದೆ. ‘ಮೀಟರ್ ಮೇಲೆ ಒನ್ ಅಂಡ್ ಎ ಹಾಫ್’ ಎಂಬ ಹೆಸರನ್ನು ಕೇಳಿದರೆ ರಾಜಧಾನಿಯ ರೈಲು ನಿಲ್ದಾಣದಲ್ಲಿ ನಸುಕಿನಲ್ಲಿ ಇಳಿದ ನಮ್ಮ ಯಾವ ಹುಡುಗನಿಗಾದರೂ ನಗು ಬಂದೀತು. ವಾದ್ಯನೈಪುಣ್ಯದಲ್ಲಿ ಈ ಐದರಲ್ಲಿ ಇದಕ್ಕೆ ಸಾಟಿಯಿಲ್ಲ. ಜಾಝ್, ಬ್ಲೂಸ್‌ಗಳನ್ನು ಅರಗಿಸಿಕೊಂಡ ಕೈಗಳು ಇವು. ಆದರೂ ಐದನೆಯ ಸ್ಥಾನವೇಕೆ? ಹಾಡುಗಳ ಭಾಷೆ ಇಂಗ್ಲಿಷ್. ಅದು ದೋಷವಲ್ಲ, ಆ ನಗರದ ಒಂದು ನಿಜ. ಆದರೆ ಪಡಸಾಲೆಯ ಅಜ್ಜನಿಗೆ ಇಲ್ಲಿ ಪ್ರವೇಶವಿಲ್ಲ. ಮೂರು ತಟ್ಟೆಗಳ ಉದ್ದವೂ ಹೆಚ್ಚಾಯಿತು. ಒಂದೇ ತಟ್ಟೆಗೆ ಆಯ್ದಿದ್ದರೆ ಈ ಪಟ್ಟಿಯಲ್ಲಿ ಇದು ಮೇಲೇರುತ್ತಿತ್ತು.

ನಾಲ್ಕನೆಯದು: ‘ಜಗ್ ಚಂಗಾ’ (2013)

ರಘು ದೀಕ್ಷಿತರ ಎರಡನೆಯ ಆಲ್ಬಮ್ ಇದು. ಮೊದಲ ಆಲ್ಬಮ್ ಅವರನ್ನು ದೇಶಾಂತರಕ್ಕೆ ಒಯ್ದ ಬಳಿಕ ಬಂದದ್ದು. ಶಿಶುನಾಳ ಶರೀಫರ (1819–1889) ‘ಲೋಕದ ಕಾಳಜಿ’ ಮತ್ತು ‘ಕೋಡಗನ ಕೋಳಿ ನುಂಗಿತ್ತ’ ಪದಗಳು ಇದರಲ್ಲಿವೆ. ಮೊದಲನೆಯದರಲ್ಲಿ ಗೆಲುವಿದೆ. ಜಗದ ಚಿಂತೆಯನ್ನೆಲ್ಲ ತಲೆಯ ಮೇಲೆ ಹೊತ್ತವನನ್ನು ಕಂಡು ನಗುವ ಶರೀಫಜ್ಜನ ತುಂಟತನ ಈ ಲಯಕ್ಕೆ ಒಗ್ಗಿದೆ. ಎರಡನೆಯದರ ವಿಷಯದಲ್ಲಿ ನನ್ನ ತಕರಾರಿದೆ. ಅದು ಬೆಡಗಿನ ಪದ. ಅಲ್ಲಮನ ಬೆಡಗಿನ ವಚನಗಳ ವಂಶಕ್ಕೆ ಸೇರಿದ್ದು. ಕೋಳಿ ಕೋತಿಯನ್ನು ನುಂಗುವ ಆ ತಲೆಕೆಳಗಾದ ಲೋಕವನ್ನು ಕೇಳಿ ಮೊದಲು ನಗಬೇಕು. ನಕ್ಕ ಮೇಲೆ ಒಂದು ಗಳಿಗೆ ಸುಮ್ಮನಾಗಿ, ಇದರ ಅರ್ಥವೇನೆಂದು ತಡಕಾಡಬೇಕು. ನಮ್ಮ ಭಜನೆಗಳಲ್ಲಿ ನುಡಿ ನುಡಿಯ ನಡುವೆ ಏಕತಾರಿ ಆ ಬಿಡುವನ್ನು ಕೊಡುತ್ತದೆ. ಇಲ್ಲಿ ಕುಣಿತದ ಹುರುಪು ಆ ಬಿಡುವನ್ನು ನುಂಗಿಬಿಟ್ಟಿದೆ. ಧ್ವನಿಮುದ್ರಣ ನಯವಾಗಿದೆ, ಕೈಗಳು ಪಳಗಿವೆ. ಆದರೆ ನಯವಾದ ಹಾದಿಯಲ್ಲಿ ಕಾಲು ನಿಲ್ಲುವುದಿಲ್ಲ ಎಂಬಂತೆ ಕೆಲವು ಹಾಡುಗಳು ಕೇಳಿದೊಡನೆ ಜಾರಿಹೋಗುತ್ತವೆ.

ಮೂರನೆಯದು: ‘ಟೋಪಿವಾಲೇ’ (2012)

ಸ್ವರಾತ್ಮ ತಂಡದ ಎರಡನೆಯ ಆಲ್ಬಮ್. ಜನರಿಗೆ ಟೋಪಿ ಹಾಕುವವರನ್ನು ಕುರಿತ ವಿಡಂಬನೆ ಇದರ ಹೆಸರಿನಲ್ಲೇ ಇದೆ. ರಾಜಕಾರಣ, ಸುದ್ದಿಮಾಧ್ಯಮ, ಧರ್ಮದ ಹೆಸರಿನ ಜಗಳ, ಯಾವುದನ್ನೂ ಇದು ಬಿಟ್ಟಿಲ್ಲ. ‘ಘುಮ್’ ಎಂಬ ಹಾಡು ಮಕ್ಕಳ ಮೇಲಿನ ದೌರ್ಜನ್ಯದಂಥ, ಮನೆಗಳಲ್ಲಿ ನಾವು ಮಾತೆತ್ತಲು ಹಿಂಜರಿಯುವ ವಿಷಯವನ್ನು ಎತ್ತಿಕೊಳ್ಳುತ್ತದೆ. ‘ಯೇಶು, ಅಲ್ಲಾ ಔರ್ ಕೃಷ್ಣ’ ಎಂಬ ಶೀರ್ಷಿಕೆಯನ್ನು ಕಂಡು ನಮ್ಮ ಕುಟುಂಬಗಳಲ್ಲಿ ಕೆಲವರಿಗೆ ಮುಜುಗರವಾಗಬಹುದು. ಪವಿತ್ರ ನಾಮವನ್ನು ವೇದಿಕೆಯ ಹಾಡಿಗೆ ಎಳೆಯಬೇಕೇ ಎಂದು ಕೇಳಬಹುದು. ಕೇಳಿ ನೋಡಿದರೆ ತಿಳಿಯುತ್ತದೆ: ಅಲ್ಲಿನ ಚಾಟಿ ದೇವರತ್ತ ಬೀಸಿದ್ದಲ್ಲ, ದೇವರ ಹೆಸರು ಹಿಡಿದು ಬಡಿದಾಡುವ ನಮ್ಮತ್ತ ಬೀಸಿದ್ದು. ಗೋವಿಂದ ಭಟ್ಟರನ್ನು ಗುರುವಾಗಿ ಪಡೆದ ಶರೀಫರ ನಾಡಿನಲ್ಲಿ ಈ ಮಾತು ಹೊಸದೇನೂ ಅಲ್ಲ; ಆದರೆ ಮರೆತ ಮಾತನ್ನು ನೆನಪಿಸುವುದೂ ಒಂದು ಸೇವೆ. ಇದಕ್ಕೆ ಇನ್ನೂ ಮೇಲಿನ ಸ್ಥಾನ ದಕ್ಕದಿರಲು ಕಾರಣ, ವಿಡಂಬನೆ ಅಲ್ಲಲ್ಲಿ ಭಾಷಣವಾಗುತ್ತದೆ. ಕೇಳುಗನಿಗೆ ತಾನೇ ತೀರ್ಮಾನಿಸಲು ಬಿಡಬೇಕಾದಲ್ಲಿ ಹಾಡು ಬೆರಳು ತೋರಿಸಿಬಿಡುತ್ತದೆ.

ಎರಡನೆಯದು: ‘ರಘು ದೀಕ್ಷಿತ್’ (2008)

ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ತಮ್ಮ ಕೌಂಟರ್ ಕಲ್ಚರ್ ರೆಕಾರ್ಡ್ಸ್ ಮೂಲಕ ಇದನ್ನು ಹೊರತಂದರು. ಮೈಸೂರಿನಲ್ಲಿ ಬೆಳೆದು, ಭರತನಾಟ್ಯ ಕಲಿತು, ಸೂಕ್ಷ್ಮಾಣುಜೀವಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದ ಈ ಗಾಯಕ ಬಣ್ಣದ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ವೇದಿಕೆ ಏರಿದಾಗ ಅನೇಕರು ಅಚ್ಚರಿಪಟ್ಟರು. ಆಲ್ಬಮ್ಮಿನ ಬಹುಪಾಲು ಹಿಂದಿ, ಇಂಗ್ಲಿಷೂ ಇದೆ. ಕನ್ನಡಕ್ಕೆ ದಕ್ಕಿದ್ದು ಶರೀಫರ ‘ಗುಡುಗುಡಿಯ ಸೇದಿ ನೋಡೋ’ ಮತ್ತು ‘ಸೋರುತಿಹುದು ಮನಿಯ ಮಾಳಿಗಿ’. ಈ ಪದಗಳನ್ನು ಸಿ. ಅಶ್ವಥ್ ಅವರ ಕಂಠದಲ್ಲಿ, 1990ರಲ್ಲಿ ಟಿ. ಎಸ್. ನಾಗಾಭರಣರು ತೆರೆಗೆ ತಂದ ‘ಸಂತ ಶಿಶುನಾಳ ಶರೀಫ’ ಚಿತ್ರದ ಕಾಲದಿಂದಲೂ ನಾಡು ಬಲ್ಲದು. ಅಶ್ವಥ್ ಹಾಡಿದ ಪದವನ್ನು ಮತ್ತೆ ಮುಟ್ಟುವುದಕ್ಕೆ ಎದೆಗಾರಿಕೆ ಬೇಕು.

ಇಲ್ಲಿ ರಾಕ್ ಸಂಗೀತ ಪದಕ್ಕೆ ಏನನ್ನೋ ಕೂಡಿಸಿದೆ ಎಂದು ನನ್ನ ಅಭಿಪ್ರಾಯ. ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಬಾಳಿದ ನಮ್ಮ ಭಾಗದವರಿಗೆ ಸೋರುವುದೆಂದರೆ ಬರಿಯ ರೂಪಕವಲ್ಲ. ಆಲ್ಬಮ್ ಬಂದ ಮರುವರ್ಷವೇ, 2009ರ ಅತಿವೃಷ್ಟಿಯಲ್ಲಿ, ಉತ್ತರ ಕರ್ನಾಟಕದ ಅದೆಷ್ಟೋ ಮಣ್ಣಿನ ಮನೆಗಳು ಕುಸಿದವು. ಅಶ್ವಥ್ ಅವರ ಗಾಯನದಲ್ಲಿ ಆ ಪದ ಅನುಭಾವಿಯ ನಿಟ್ಟುಸಿರು; ಇಲ್ಲಿ ಅದು ಮಳೆಯಲ್ಲಿ ನಿಂತು ನೆರೆಯವರನ್ನು ಕೂಗಿ ಕರೆಯುವವನ ಕೂಗು. ಎರಡೂ ಪದದೊಳಗೆ ಇರುವ ಭಾವಗಳೇ. ಎರಡನೆಯದನ್ನು ಹೊರತೆಗೆಯಲು ಡ್ರಮ್ಸ್ ಮತ್ತು ಗಿಟಾರಿನ ಬಲ ಬೇಕಾಯಿತು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಈ ತಂಡ ಹಾಡಿತು. 2011ರಲ್ಲಿ ಬ್ರಿಟನ್ನಿನ ಸಾಂಗ್‌ಲೈನ್ಸ್ ಪತ್ರಿಕೆಯ ಹೊಸಬರ ಪ್ರಶಸ್ತಿ ರಘು ಅವರಿಗೆ ದೊರೆಯಿತು. ಈ ಗೌರವಗಳಿಗಿಂತ ದೊಡ್ಡ ಸಂಗತಿಯೆಂದರೆ, ಶರೀಫರ ಹೆಸರನ್ನೇ ಕೇಳದಿದ್ದ ನಗರದ ಹುಡುಗರು ಅವರ ಪದವನ್ನು ಬಾಯಿಪಾಠ ಹಾಡಿದ್ದು.

ಹಾಗಾದರೆ ಇದಕ್ಕೇ ಮೊದಲ ಸ್ಥಾನ ಸಲ್ಲಬೇಕಲ್ಲವೇ? ಬಹುಜನರು ಹಾಗೆಯೇ ಹೇಳಿಯಾರು. ಆದರೆ ಒಂದು ಪ್ರಶ್ನೆ ನನ್ನನ್ನು ತಡೆಯುತ್ತದೆ. ಈ ಆಲ್ಬಮ್ಮಿನ ಕನ್ನಡದ ಶಿಖರಗಳೆರಡೂ ಶರೀಫರವು. ಗಿಟಾರು ಇರಲಿ ಇಲ್ಲದಿರಲಿ ಆ ಪದಗಳು ಇದ್ದವು, ಮುಂದೆಯೂ ಇರುತ್ತವೆ. ನಮ್ಮ ಕಾಲ ಕನ್ನಡದಲ್ಲಿ ತಾನಾಗಿ ಏನು ಹೇಳಿತು?

ಮೊದಲನೆಯದು: ‘ಸ್ವರಾತ್ಮ’ (2009)

ತಂಡದ ಹೆಸರನ್ನೇ ಹೊತ್ತ ಈ ಚೊಚ್ಚಲ ಆಲ್ಬಮ್ಮಿನಲ್ಲಿ ಆ ಪ್ರಶ್ನೆಗೆ ಉತ್ತರದ ಮೊದಲ ಅಕ್ಷರಗಳಿವೆ. ವಾಸು ದೀಕ್ಷಿತರ ಗಾಯನ, ಸಂಜೀವ್ ನಾಯಕರ ಪಿಟೀಲು, ಚರ್ಮವಾದ್ಯ ಮತ್ತು ಡ್ರಮ್ಸ್ ಅಕ್ಕಪಕ್ಕದಲ್ಲಿ ಕುಳಿತ ಪರಿ, ಎಲ್ಲದರಲ್ಲೂ ಜಾತ್ರೆಯ ಬಯಲಿನ ಬಿಸಿಲು ಕಾಣುತ್ತದೆ. ಆರಂಭದ ದಿನಗಳಲ್ಲಿ ವಾಸು ಅವರು ಕೀಲುಕುದುರೆ ಕಟ್ಟಿಕೊಂಡೇ ವೇದಿಕೆಗೆ ಬರುತ್ತಿದ್ದರು. ‘ಈ ಭೂಮಿ’ ಎಂಬ ಕನ್ನಡ ಹಾಡು ಹಳೆಯ ತತ್ವಪದವಲ್ಲ, ಹೊಸದಾಗಿ ಕಟ್ಟಿದ್ದು. ಆದರೂ ಮೊದಲ ಸಲ ಕೇಳುವಾಗಲೇ ಎಲ್ಲೋ ಕೇಳಿದ್ದೇವೆ ಎನ್ನಿಸುತ್ತದೆ. ಒಳ್ಳೆಯ ಜನಪದದ ಗುಣವೇ ಅದು.

ಆದರೆ ಈ ಆಲ್ಬಮ್ಮನ್ನು ಮೊದಲ ಸ್ಥಾನದಲ್ಲಿಡುವಂತೆ ಮಾಡಿದ್ದು ‘ಪ್ಯಾಸಿ’. ಹಿಂದಿಯಲ್ಲಿದ್ದರೂ ಇದು ನಮ್ಮ ಕಾವೇರಿಯ ಹಾಡು. ಕಾವೇರಿ ನ್ಯಾಯಮಂಡಳಿಯ ಅಂತಿಮ ತೀರ್ಪು 2007ರಲ್ಲಿ ಬಂದರೂ ಎರಡು ರಾಜ್ಯಗಳ ವ್ಯಾಜ್ಯ ತಣಿದಿರಲಿಲ್ಲ. 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಮತ್ತೆ ತೀರ್ಪು ನೀಡಬೇಕಾಯಿತು. ನೀರು ಯಾರದೆಂದು ಎರಡೂ ಕಡೆಯವರು ಕೂಗುತ್ತಿದ್ದ ಹೊತ್ತಿನಲ್ಲಿ ಈ ಹಾಡು ಬಂದಿತು. ಹೆಸರನ್ನು ಗಮನಿಸಿರಿ: ‘ಪ್ಯಾಸಿ’ ಎಂದರೆ ಬಾಯಾರಿದವಳು. ನೀರು ಕುಡಿಸುವವಳೇ ಬಾಯಾರಿದ್ದಾಳೆ! ಆ ಒಂದು ಪದದಲ್ಲಿ ಕಾವ್ಯವಿದೆ, ನ್ಯಾಯವೂ ಇದೆ.

ಕೃಷ್ಣೆಯ ದಂಡೆಯವರಾದ ನಮಗೆ ಈ ಹಾಡು ಇನ್ನೂ ಆಳಕ್ಕೆ ಇಳಿಯುತ್ತದೆ. ಬೇಸಿಗೆಯಲ್ಲಿ ಬತ್ತುತ್ತಿದ್ದ ಹೊಳೆಗೆ, ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ಹಣ ಕೂಡಿಸಿ, ಮೈಮುರಿದು ದುಡಿದು, 1989ರಲ್ಲಿ ಚಿಕ್ಕಪಡಸಲಗಿಯ ಬ್ಯಾರೇಜು ಕಟ್ಟಿ ನಿಲ್ಲಿಸಿದರು. ‘ಶ್ರಮಬಿಂದು ಸಾಗರ’ ಎಂಬ ಹೆಸರಿನಲ್ಲಿ ಆ ಬೆವರು ಉಳಿದಿದೆ. ಇದೇ ನದಿ ಆಲಮಟ್ಟಿಯ ಹಿನ್ನೀರಾಗಿ ಬೀಳಗಿ, ಬಾಗಲಕೋಟೆಗಳ ಊರುಗಳನ್ನು ಎಬ್ಬಿಸಿತು. 2019ರ ಆಗಸ್ಟ್ ಪ್ರವಾಹದಲ್ಲಿ ಜಮಖಂಡಿ, ರಬಕವಿ-ಬನಹಟ್ಟಿಯ ದಂಡೆಯ ಹಳ್ಳಿಗಳಿಗೆ ನುಗ್ಗಿತು. ಕೊಡುವವಳೂ ಅವಳೇ, ಕಸಿಯುವವಳೂ ಅವಳೇ. ಆದರೆ ಅವಳಿಗೂ ಒಂದು ಬೇಕು-ಬೇಡ ಇದ್ದೀತೆಂದು ನಾವು ಯೋಚಿಸಿದ್ದು ಕಡಿಮೆ. ಕಬ್ಬಿಗೆ ಎಷ್ಟು ನೀರು, ಮುಂದಿನ ಜಿಲ್ಲೆಗೆ ಎಷ್ಟು, ನೆರೆರಾಜ್ಯಕ್ಕೆ ಎಷ್ಟು ಎಂದು ಲೆಕ್ಕ ಹಾಕುವ ನಮ್ಮ ಮಧ್ಯೆ, ಹೊಳೆಗೇ ಎಷ್ಟು ಉಳಿಯಿತು ಎಂದು ಕೇಳುವಂತೆ ಈ ಹಾಡು ಮಾಡುತ್ತದೆ. ಯಾವ ಹಳೆಯ ಪದವೂ ಈ ಪ್ರಶ್ನೆಯನ್ನು ನಮ್ಮ ಪರವಾಗಿ ಕೇಳಿಟ್ಟಿಲ್ಲ. ಅದನ್ನು ನಮ್ಮ ಕಾಲವೇ ಕೇಳಬೇಕಿತ್ತು. ಈ ತಂಡ ಇರದಿದ್ದರೆ ಈ ಹಾಡು ಇರುತ್ತಿರಲಿಲ್ಲ. ಶರೀಫರ ಪದವನ್ನು ಹೊಸದಾಗಿ ಹಾಡುವುದು ದೊಡ್ಡ ಕೆಲಸ. ಶರೀಫರಂತೆ ತನ್ನ ಸುತ್ತಲಿನ ಹುಕ್ಕಾ, ಮಾಳಿಗೆ, ಕೋಳಿಗಳನ್ನು ನೋಡಿ ಹೊಸ ಪದ ಕಟ್ಟುವುದು ಅದಕ್ಕಿಂತ ದೊಡ್ಡದು. ಎರಡನೆಯ ಮತ್ತು ಮೊದಲನೆಯ ಸ್ಥಾನಗಳ ನಡುವಿನ ಅಂತರ ಇಷ್ಟೇ.

ಒಂದು ಕೊರತೆಯನ್ನು ಮಾತ್ರ ಮುಚ್ಚಿಡಲಾಗದು. ಈ ಐದರಲ್ಲಿ ಒಂದೂ ಪೂರ್ತಿ ಕನ್ನಡದ ಆಲ್ಬಮ್ ಅಲ್ಲ. ಮಾರುಕಟ್ಟೆ ದೊಡ್ಡದೆಂದು ಹಿಂದಿ, ವೇದಿಕೆ ದೂರವೆಂದು ಇಂಗ್ಲಿಷ್. ಕನ್ನಡಕ್ಕೆ ಮನೆಯ ಅಜ್ಜಿಗೆ ಸಿಗುವಷ್ಟು ಜಾಗ: ಗೌರವವಿದೆ, ಆದರೆ ಮೂಲೆಯಲ್ಲಿ. ಬನಹಟ್ಟಿಯ ಮಗ್ಗಗಳ ಲಯ, ಕಬ್ಬಿನ ಗಾಡಿಗಳ ಸಾಲು, ಹಿನ್ನೀರಿನಲ್ಲಿ ಮುಳುಗಿದ ಊರುಗಳ ನೆನಪು, ಗುಳೆ ಹೋದವರ ಬೀಗ ಹಾಕಿದ ಮನೆಗಳು: ಇವನ್ನು ಹಾಡುವ ಗಿಟಾರಿಗಾಗಿ ಈ ಸೀಮೆ ಇನ್ನೂ ಕಾಯುತ್ತಿದೆ. ಅದನ್ನು ಹಿಡಿಯಬೇಕಾದ ಕೈ ಪ್ರಾಯಶಃ ನಮ್ಮದೇ ಮನೆಯ ಒಳಕೋಣೆಯಲ್ಲಿದೆ.

ಆದುದರಿಂದ ತಂದೆತಾಯಿಯರಲ್ಲಿ ಒಂದು ಬಿನ್ನಹ. ಮಕ್ಕಳು ಕೇಳುವ ಹಾಡನ್ನು ಸದ್ದೆಂದು ತಳ್ಳಿಹಾಕುವ ಮೊದಲು ಒಮ್ಮೆ ಜೊತೆಗೆ ಕುಳಿತು ಕೇಳಿರಿ. ಮಾತಿನ ಅರ್ಥವನ್ನು ಅವರಿಂದಲೇ ಕೇಳಿ ತಿಳಿಯಿರಿ. ಯುವಕರಲ್ಲಿ ಇನ್ನೊಂದು. ನಿಮ್ಮ ಫೋನಿನಲ್ಲಿರುವ ಶರೀಫರ ಪದವನ್ನು ಅಜ್ಜನ ಬಾಯಿಂದಲೂ ಒಮ್ಮೆ ಕೇಳಿರಿ. ಗಿಟಾರು ಬಿಟ್ಟುಹೋದ ನುಡಿಯೊಂದು ಅವರ ನೆನಪಿನಲ್ಲಿ ಉಳಿದಿರಬಹುದು. ನನ್ನ ಈ ಶ್ರೇಯಾಂಕವನ್ನು ಒಪ್ಪಲೇಬೇಕೆಂದಿಲ್ಲ. ಊಟದ ಹೊತ್ತಿನಲ್ಲಿ ಅದನ್ನು ಮುಂದಿಟ್ಟುಕೊಂಡು, ಯಾವುದು ಮೇಲು, ಯಾವುದು ಕೆಳಗೆ ಎಂದು ಅಜ್ಜ-ಮೊಮ್ಮಕ್ಕಳು ವಾದಿಸಿದರೆ ಸಾಕು.