ಅಳೆದ ಲೆಕ್ಕ ಅಳೆದವರಿಗಷ್ಟೇ ಸಾಕೇ?

ಭೌಗೋಳಿಕ ಮಾಹಿತಿಗೆ ದಶಕಗಳಿಂದ ಬಿದ್ದಿದ್ದ ಬೀಗವನ್ನು ಕೇಂದ್ರ ಸರ್ಕಾರ 2021ರ ಫೆಬ್ರವರಿ 15ರ ಮಾರ್ಗಸೂಚಿಯಿಂದ ತೆಗೆಯಿತು. ನಕ್ಷೆ ಮಾಡಲು ಭಾರತೀಯ ಕಂಪನಿಗಳಿಗೆ ಪೂರ್ವಾನುಮತಿ ಬೇಡವಾಯಿತು. ಸರ್ಕಾರಿ ಹಣದಲ್ಲಿ ಸಿದ್ಧವಾದ ಮಾಹಿತಿಯೂ ಅವುಗಳಿಗೆ ಸಿಗುವಂತಾಯಿತು. 2022ರ ರಾಷ್ಟ್ರೀಯ ನೀತಿ ಇದೇ ಹಾದಿಯಲ್ಲಿ ಮುಂದೆ ಹೋಯಿತು. ಸರ್ಕಾರ ಮತ್ತು ಖಾಸಗಿ ಕಂಪನಿಗಳ ಈ ಸಹಯೋಗದ ಗುಣದೋಷ ನೋಡಲು ಕಾರವಾರ–ಅಂಕೋಲೆಗಳ ನಡುವಿನ ಹಾರವಾಡ ತಕ್ಕ ಊರು. ಪಶ್ಚಿಮಕ್ಕೆ ಕಡಲು, ಊರಿನ ಬಳಿಯೇ ಕೊಂಕಣ ರೈಲು ಮತ್ತು ಹೆದ್ದಾರಿ 66, ಉತ್ತರಕ್ಕೆ ನೌಕಾನೆಲೆ, ದಕ್ಷಿಣಕ್ಕೆ ಕೇಣಿಯ ಉದ್ದೇಶಿತ ಖಾಸಗಿ ಬಂದರು.

ಮೊದಲು ಮೆಚ್ಚಬೇಕಾದದ್ದು. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕಡಲ ಮೇಲ್ಮೈಯ ಉಷ್ಣತೆ ಮತ್ತು ಬಣ್ಣವನ್ನು ಉಪಗ್ರಹದಿಂದ ನೋಡಿ, ಮೀನು ಸಿಗಬಹುದಾದ ಜಾಗಗಳನ್ನು ಸೂಚಿಸುತ್ತದೆ. ಅದನ್ನು ದೋಣಿಯವರ ಮೊಬೈಲಿಗೆ ಮುಟ್ಟಿಸುವ ‘ಫಿಶರ್ ಫ್ರೆಂಡ್’ ಆ್ಯಪನ್ನು ಸ್ವಾಮಿನಾಥನ್ ಪ್ರತಿಷ್ಠಾನ ಕ್ವಾಲ್ಕಾಮ್ ಕಂಪನಿಯ ನೆರವಿನಿಂದ ರೂಪಿಸಿತು. ಸರ್ಕಾರದ ವಿಜ್ಞಾನ, ಖಾಸಗಿ ಹಣ, ಬಡವನಿಗೆ ಉಪಯೋಗ: ಸಹಯೋಗ ಹೀಗಿರಬೇಕು.

ದೋಷ ಇರುವುದು ಮಾಹಿತಿ ಮರಳಿ ಬರುವ ದಾರಿಯಲ್ಲಿ. ಕಂಪನಿಗಳು ತಾವು ಅಳೆದದ್ದನ್ನು ಮಾರಬಹುದು, ಹಂಚಬಹುದು ಎಂದು 2021ರ ಮಾರ್ಗಸೂಚಿ ಹೇಳುತ್ತದೆ, ಹಂಚಲೇಬೇಕು ಎನ್ನುವುದಿಲ್ಲ. ಈ ಕೊರತೆಯನ್ನು ಬರೀ ಕಾಗದದ ಲೋಪ ಎನ್ನಲಾಗದು. 2024ರ ಜುಲೈ 16ರಂದು ಇದೇ ಅಂಕೋಲೆ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಲಾರಿಯೊಂದು ಕಾಣೆಯಾದಾಗ ಅದರ ಜಿಪಿಎಸ್ ಕೊನೆಯ ಜಾಗವನ್ನು ತೋರಿಸಿತ್ತು. ಮೊದಲು ಮಣ್ಣಿನಲ್ಲಿ, ಆಮೇಲೆ ಪಕ್ಕದ ಗಂಗಾವಳಿ ನದಿಯಲ್ಲಿ ಹುಡುಕಾಟ ನಡೆಯಿತು. ಲಾರಿ ನದಿಯಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ. ಇಂಥ ಹುಡುಕಾಟಕ್ಕೆ ಬೇಕಾದ, ಒಳನಾಡಿನ ನೀರಿನ ತಳದ ನಿಖರ ಮಾಹಿತಿಗೆ 2022ರ ನೀತಿ ಇಟ್ಟುಕೊಂಡ ಗಡುವು 2035! ಅಲ್ಲಿಯವರೆಗೆ ಹೆದ್ದಾರಿ, ಸೇತುವೆ, ಬಂದರು ಕಟ್ಟುವವರು ತಮ್ಮ ಕೆಲಸಕ್ಕೆ ಮಾಡಿಸುವ ಸಮೀಕ್ಷೆಗಳನ್ನು ಒಂದೆಡೆ ಕೂಡಿಸಿದರೆ ಎಷ್ಟೋ ಖಾಲಿ ಜಾಗ ತುಂಬುತ್ತದೆ.

ಕೇಣಿಯದು ನಂಬಿಕೆಯ ಪ್ರಶ್ನೆ. 2025ರ ಫೆಬ್ರವರಿಯಲ್ಲಿ ಬಂದರಿಗಾಗಿ ಕಡಲಲ್ಲಿ ಭೂತಾಂತ್ರಿಕ ಸಮೀಕ್ಷೆ ಶುರುವಾದಾಗ ಮೀನುಗಾರರು ವಿರೋಧಿಸಿದರು, ನಿಷೇಧಾಜ್ಞೆಯೂ ಜಾರಿಯಾಯಿತು. ಇಂಥ ಯೋಜನೆಗಳ ಅಹವಾಲು ಸಭೆಗೆ ಬರುವುದು ವರದಿ. ಬೇರೆ ತಜ್ಞರು ಮತ್ತೆ ಪರೀಕ್ಷಿಸಿ ನೋಡಬಹುದಾದ ಮೂಲ ಅಂಕಿಅಂಶವಲ್ಲ. ಅಳಿವೆಯಲ್ಲಿ ಹೂಳು ಎಲ್ಲಿ ಕೂರುತ್ತದೆ, ಬಂಡೆ ಎಲ್ಲಿದೆ ಎಂದು ಬಲ್ಲ ಮೀನುಗಾರರ ತಿಳಿವಳಿಕೆಗೂ ಈ ಲೆಕ್ಕದಲ್ಲಿ ಖಾತೆಯಿಲ್ಲ.

ನೌಕಾನೆಲೆಯ ಮಗ್ಗುಲಲ್ಲಿ ಎಲ್ಲವನ್ನೂ ಬಯಲಿಗಿಡಲಾಗದು, ನಿಜ. ಆದರೆ ರಕ್ಷಣೆಗೆ ಸಂಬಂಧಿಸಿದ್ದನ್ನು ಬೇರ್ಪಡಿಸಿ ಉಳಿದದ್ದನ್ನು ಕೊಡಲು ಅಡ್ಡಿಯೇನು? ಸರ್ವೆ ನಂಬರನ್ನು ಮೊಬೈಲಿನಲ್ಲೇ ತೋರಿಸುವ ‘ದಿಶಾಂಕ್’ ಆ್ಯಪನ್ನು ಜನರಿಗೆ ಕೊಟ್ಟ ಕರ್ನಾಟಕ ರಾಜ್ಯ ದೂರ ಸಂವೇದಿ ಕೇಂದ್ರ ನಮ್ಮಲ್ಲೇ ಇದೆ. ಸರ್ಕಾರಿ ನೆಲ, ನೀರು ಬಳಸುವ ಪ್ರತಿ ಖಾಸಗಿ ಒಪ್ಪಂದದಲ್ಲೂ ಸಮೀಕ್ಷೆಯ ಮೂಲ ಮಾಹಿತಿಯನ್ನು ಅಲ್ಲಿಗೆ ಒಪ್ಪಿಸಬೇಕೆಂಬ ಷರತ್ತು ಸೇರಲಿ. ಅದಿಲ್ಲದಿದ್ದರೆ ಇದನ್ನು ಸಹಯೋಗ ಎನ್ನುವುದು ತಪ್ಪು. ಇದು ಸರ್ಕಾರ ಒಂದು ಕಡೆಯಿಂದ ಮಾತ್ರ ಕೊಡುತ್ತಿರುವ ದಾನ.