ಜೇವರ್ಗಿಗೂ ಬರಬೇಕಾದ ಪರೀಕ್ಷೆ

‘ಹೊಟ್ಟಿ ಸಾಫ್ ಆಗವಲ್ದು’ ಎಂಬ ದೂರು ಆಳಂದ, ಅಫಜಲಪುರ, ಜೇವರ್ಗಿಯ ದವಾಖಾನೆಗಳಿಗೆ ಹೊಸದಲ್ಲ. ಮೊದಲು ಚೂರ್ಣ, ಇಸಬ್ಗೋಲ್. ಬಗ್ಗದಿದ್ದರೆ ಕಲಬುರಗಿಯಲ್ಲೋ ಸೊಲ್ಲಾಪುರದಲ್ಲೋ ಎಂಡೋಸ್ಕೋಪಿ, ಕೊಲೊನೋಸ್ಕೋಪಿ. ವರದಿ ನಾರ್ಮಲ್ ಎಂದು ಬಂದರೂ ಎಷ್ಟೋ ಮಂದಿಯ ತ್ರಾಸು ಹಾಗೇ ಉಳಿಯುತ್ತದೆ. ಜೋಳದ ರೊಟ್ಟಿ, ತೊಗರಿಬ್ಯಾಳಿ, ಪುಂಡಿಪಲ್ಲೆ ಉಂಡು ಬೆಳೆದವರಿಗೆ ‘ನಾರು ತಿನ್ನಿ’ ಎಂದು ಹೇಳಿ ಕಳಿಸುವುದಂತೂ ಅನ್ಯಾಯ.

ಕ್ಯಾಮೆರಾ ಕರುಳಿನ ಗೋಡೆಯನ್ನು ತೋರಿಸುತ್ತದೆ; ಸ್ನಾಯುಗಳ ಹೊಂದಾಣಿಕೆಯನ್ನು ಅಳೆಯುವುದಿಲ್ಲ. ಮುಕ್ಕಿದಾಗ ಸಡಿಲಾಗಬೇಕಾದ ಗುದದ್ವಾರದ ಸ್ನಾಯು ಕೆಲವರಲ್ಲಿ ಇನ್ನಷ್ಟು ಬಿಗಿಯುತ್ತದೆ. ಇವರಿಗೆ ಭೇದಿ ಔಷಧಕ್ಕಿಂತ ಸ್ನಾಯುವಿಗೆ ಕೊಡುವ ತರಬೇತಿ, ಅಂದರೆ ಬಯೋಫೀಡ್‌ಬ್ಯಾಕ್, ಹೆಚ್ಚು ಫಲ ಕೊಡುತ್ತದೆ. ಇದನ್ನು ಗಟ್ಟಿ ಪುರಾವೆಯಿಂದ ತೋರಿಸಿದವರಲ್ಲಿ ಅಮೆರಿಕದ ಆಗಸ್ಟಾ ವಿಶ್ವವಿದ್ಯಾಲಯದ ಡಾ. ಸತೀಶ್ ಎಸ್.ಸಿ. ರಾವ್ ಪ್ರಮುಖರು. 2007ರಲ್ಲಿ ಅವರ ತಂಡ 77 ರೋಗಿಗಳನ್ನು ಮೂರು ಗುಂಪು ಮಾಡಿ ನೋಡಿತು. ನಿಜವಾದ ತರಬೇತಿ ಪಡೆದವರು ಹುಸಿ ತರಬೇತಿಯವರಿಗಿಂತಲೂ ಮಾಮೂಲಿ ಚಿಕಿತ್ಸೆಯವರಿಗಿಂತಲೂ ಹೆಚ್ಚು ಸುಧಾರಿಸಿದರು.

ಆದರೆ ತಾಲೂಕು ಆಸ್ಪತ್ರೆಯ ಕಣ್ಣಿಂದ ನೋಡಿದರೆ ಅವರ 2010ರ ಅಧ್ಯಯನವೇ ದೊಡ್ಡದು. ಕೈಗವಸು ತೊಟ್ಟ ಬೆರಳಿನ ಪರೀಕ್ಷೆಯೊಂದರಿಂದಲೇ ಈ ದೋಷವಿದ್ದವರಲ್ಲಿ ಶೇ 75ರಷ್ಟು ಮಂದಿಯನ್ನು ಗುರುತಿಸಬಹುದೆಂದು ಅದು ಹೇಳಿತು. ಯಂತ್ರ ಬೇಡ, ವಿದ್ಯುತ್ ಬೇಡ. ಜೊತೆಗೆ 50 ಮಿ.ಲೀ. ನೀರು ತುಂಬಿದ ಪುಟ್ಟ ಬಲೂನನ್ನು ರೋಗಿ ಸುಮಾರು ಒಂದು ನಿಮಿಷದೊಳಗೆ ಹೊರಹಾಕಬಲ್ಲರೇ ಎಂದು ನೋಡಿದರೆ ಅನುಮಾನ ಇನ್ನಷ್ಟು ತಿಳಿಯಾಗುತ್ತದೆ.

ಇಷ್ಟಾದರೂ ಆ ಅಂಕಿಯನ್ನು ಹಾಗೇ ತಂದು ಜೇವರ್ಗಿಗೆ ಅಂಟಿಸಲಾಗದು. ಅದು ಪಳಗಿದ ತಜ್ಞರ ಬೆರಳು. ಅಲ್ಲೂ ನಾಲ್ವರಲ್ಲಿ ಒಬ್ಬರು ತಪ್ಪಿಹೋಗುತ್ತಾರೆ. ಇನ್ನು ಚಿಕಿತ್ಸೆಯ ಮಾತು. 2018ರಲ್ಲಿ ರಾವ್ ಅವರ ತಂಡ 100 ರೋಗಿಗಳಲ್ಲಿ ಮನೆಯ ತರಬೇತಿಯನ್ನು ಆಸ್ಪತ್ರೆಯ ತರಬೇತಿಯೊಂದಿಗೆ ಹೋಲಿಸಿತು. ಫಲ ಕಂಡವರು ಕ್ರಮವಾಗಿ ಶೇ 68 ಮತ್ತು ಶೇ 70, ಹೆಚ್ಚುಕಡಿಮೆ ಸಮ. ಕೂಲಿ ಬಿಟ್ಟು ಬಸ್ಸು ಹತ್ತಬೇಕಾದ ಅಫಜಲಪುರದ ಹೆಣ್ಣುಮಗಳಿಗೆ ಇದಕ್ಕಿಂತ ಒಳ್ಳೆಯ ಸುದ್ದಿಯಿಲ್ಲ. ಆದರೆ ಮನೆಗೊಯ್ಯುವ ಉಪಕರಣ ಬೇಕು, ಮೊದಲು ಕಲಿಸಿಕೊಡುವವರು ಬೇಕು. ಆ ಅಧ್ಯಯನದಲ್ಲಿ ಬಹುತೇಕರು ಹೆಂಗಸರೇ. ಇಲ್ಲಿ ಈ ಬೇನೆಯನ್ನು ನಾಚಿಕೆಯಿಂದ ಬಚ್ಚಿಡುವವರೂ, ಬಯಲಿಗೆ ಹೋಗಲು ಕತ್ತಲಾಗುವವರೆಗೆ ತಡೆದುಕೊಂಡವರೂ ಅವರೇ. ಹಾಗಾಗಿ ತರಬೇತಾದ ನರ್ಸಮ್ಮ ಇಲ್ಲದೆ ಈ ವಿದ್ಯೆ ಇಲ್ಲಿ ಬೇರೂರದು.

ಕಲಬುರಗಿಯಲ್ಲಿ 1963ರಿಂದ ಎಂ.ಆರ್. ವೈದ್ಯಕೀಯ ಕಾಲೇಜಿದೆ, ಈಗ ಸರ್ಕಾರಿ ವೈದ್ಯಕೀಯ ಕಾಲೇಜು ಜಿಮ್ಸ್ ಕೂಡ ಇದೆ. ಬೆರಳಿನ ಪರೀಕ್ಷೆಯನ್ನು ಕಿರಿಯ ವೈದ್ಯರ ಕೈಗೆ ಕೂರಿಸಲು ಇವು ಸಾಲವೇ? ರಕ್ತ ಬೀಳುವವರು, ತೂಕ ಇಳಿದವರು, ರಕ್ತಹೀನತೆ ಇರುವವರಿಗೆ ಮಾತ್ರ ಕೊಲೊನೋಸ್ಕೋಪಿ ತಡವಾಗಬಾರದು. ಅವರನ್ನು ಬಲೂನಿನ ಮೇಲೆ ಭರವಸೆಯಿಟ್ಟು ಕೂರಿಸುವುದು ಅಪಾಯ.