ಮಾಯಾಂಗ್ನರ ನೆಲ, ಸಂಶೋಧಕರ ನಕ್ಷೆ

ನಿಕರಾಗುವಾ ದೇಶದ ಈಶಾನ್ಯದ ಕಾಡುಗಳಲ್ಲಿಯೂ ನೆರೆಯ ಹೊಂಡುರಾಸಿನಲ್ಲಿಯೂ ವಾಸಿಸುವ ಒಂದು ಜನಾಂಗವನ್ನು ಹೊರಗಿನವರು ಬಹುಕಾಲ ‘ಸುಮು’ ಎಂದು ಕರೆದರು. ಅವರು ತಮಗೆ ತಾವೇ ಇಟ್ಟುಕೊಂಡ ಹೆಸರು ಮಾಯಾಂಗ್ನ. ‘ನಾವು’ ಎಂದು ಅದರ ಅರ್ಥ. ತೆಲುಗಿನ ‘ಮನಮು’ವಿನಂತೆ ಇದು ಕೇಳುವವನನ್ನೂ ಒಳಗೊಂಡ ‘ನಾವು’, ‘ಮೇಮು’ ಅಲ್ಲ. ವಿಶ್ವವಿದ್ಯಾಲಯಗಳು ಈ ಜನರಿಗೆ ನೀಡಿದ ನೆರವನ್ನು ಅಳೆಯಲು ಇದಕ್ಕಿಂತ ತಕ್ಕ ಅಳತೆಗೋಲು ದೊರೆಯಲಾರದು.

1996ರಲ್ಲಿ ಸರಕಾರವು ಆವಾಸ್ ತಿಂಗ್ನಿ ಗ್ರಾಮದವರ ಕಾಡಿನಲ್ಲಿ ಸುಮಾರು 62,000 ಹೆಕ್ಟೇರುಗಳನ್ನು ಮರ ಕಡಿಯಲೆಂದು ವಿದೇಶೀ ಬಂಡವಾಳದ ಕಂಪನಿಯೊಂದಕ್ಕೆ ವಹಿಸಿಕೊಟ್ಟಿತು. ಗ್ರಾಮದವರ ಕೈಯಲ್ಲಿ ಹಕ್ಕುಪತ್ರವಿರಲಿಲ್ಲ. ಅವರು 1940ರ ದಶಕದಲ್ಲಿ ತುಬುರುಸ್ ಎಂಬ ಹಳೆಯ ನೆಲೆಯನ್ನು ಬಿಟ್ಟು ಬಂದವರಾದ ಕಾರಣ ಅವರಿಗೆ ಪುರಾತನ ಸ್ವಾಮ್ಯವಿಲ್ಲವೆಂಬುದು ಸರಕಾರದ ವಾದ. ದಫ್ತರದ ಕಣ್ಣಿಗೆ ಊರೆಂದರೆ ಮನೆಗಳ ಗುಂಪು. ಮನೆ ಕದಲಿದರೆ ಊರೂ ಕದಲಿತು! ಹಿರಿಯರ ಲೆಕ್ಕವೇ ಬೇರೆ. ಬೇಸಾಯ, ಬೇಟೆ, ಮೀನುಗಾರಿಕೆಗಳಿಗಾಗಿ ತಮ್ಮ ನೆಲದೊಳಗೇ ಸಂಚರಿಸುವುದು ಅವರಿಗೆ ವಲಸೆಯಲ್ಲ, ನೆಲಸುವ ರೀತಿ. ಪೂರ್ವಜರ ಗೋರಿಗಳು, ಹಳೆಯ ಹಣ್ಣಿನ ಮರಗಳು, ಪವಿತ್ರವೆನಿಸಿದ ಬೆಟ್ಟಗಳು ಅವರ ದಾಖಲೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಮಾನವಶಾಸ್ತ್ರಜ್ಞ ಥಿಯೊಡೋರ್ ಮ್ಯಾಕ್‌ಡೊನಾಲ್ಡರು ಈ ಚರಿತ್ರೆಯನ್ನು ಕೇಳಿ ಬರೆದು, ಗ್ರಾಮದವರೊಡನೆ ನಕ್ಷೆಯನ್ನು ಸಿದ್ಧಪಡಿಸಿದರು. 2001ರ ಆಗಸ್ಟ್ 31ರಂದು ಅಂತರ್-ಅಮೆರಿಕನ್ ಮಾನವ ಹಕ್ಕುಗಳ ನ್ಯಾಯಾಲಯವು ಗ್ರಾಮದ ಸಾಮೂಹಿಕ ಸ್ವಾಮ್ಯವನ್ನು ಎತ್ತಿಹಿಡಿಯಿತು.

ಈ ವಿಜಯವು ವಿಧಾನದ ಕೊರತೆಯನ್ನು ಮರೆಸಬಾರದು. ಗ್ರಾಮದವರೂ ಸ್ವತಃ ಸಾಕ್ಷ್ಯ ನುಡಿದರು, ನಿಜ. ಆದರೂ ಹಿರಿಯರ ಮಾತು ಪ್ರಾಧ್ಯಾಪಕರ ವರದಿಯನ್ನು ಆಶ್ರಯಿಸಬೇಕಾಯಿತು. ಅದಕ್ಕಿಂತ ಗಂಭೀರವಾದುದು ಗೆರೆಯ ಸಮಸ್ಯೆ. ನಡೆದು ತಿಳಿದ ಕಾಡಿನ ಸುತ್ತ ಗೆರೆ ಎಳೆದೊಡನೆ ಅದು ನೆರೆಯ ಮಿಸ್ಕಿತು ಗ್ರಾಮಗಳ ಹಕ್ಕಿನೊಡನೆ ತಾಕಲಾಡಿತು. ಸುಮಾರು 73,000 ಹೆಕ್ಟೇರುಗಳ ಹಕ್ಕುಪತ್ರ ಕೈಸೇರಿದುದು 2008ರ ಡಿಸೆಂಬರಿನಲ್ಲಿ. ಪತ್ರವಿದ್ದರೂ ಮಾಯಾಂಗ್ನರ ನೆಲಗಳಿಗೆ ಹೊರಗಿನವರ ನುಗ್ಗಾಟ ನಿಲ್ಲಲಿಲ್ಲ. 2020ರ ಜನವರಿಯಲ್ಲಿ ಬೊಸಾವಾಸ್ ಅರಣ್ಯದ ಅಲಾಲ್ ಗ್ರಾಮದಲ್ಲಿ ಮನೆಗಳು ಸುಟ್ಟವು, ಜೀವಗಳು ಹೋದವು.

ಈ ದೃಷ್ಟಿಯಿಂದ ಕರವಾಲಾ ಗ್ರಾಮದಲ್ಲಿ ನಡೆದ ಕೆಲಸ ಹೆಚ್ಚು ಗಮನಾರ್ಹ. ಮಾಯಾಂಗ್ನಕ್ಕೆ ಸೋದರಿಯಾದ ಉಲ್ವಾ ಭಾಷೆಯ ನಿಘಂಟಿನ ಕಾರ್ಯವನ್ನು ಉಲ್ವಾ ಜನರ ಸಮಿತಿಯೇ ಕೈಗೊಂಡಿತು, ಎಂ.ಐ.ಟಿ.ಯ ಭಾಷಾವಿಜ್ಞಾನಿ ಕೆನೆತ್ ಹೇಲರು ಅವರನ್ನು ಮಾಹಿತಿದಾರರೆಂದಲ್ಲ, ಸಂಶೋಧಕರೆಂದೇ ಪಳಗಿಸಿದರು. 1995ರಿಂದ ಪಾಠ ನಡೆಸುತ್ತಿರುವ ಕರಾವಳಿಯ ಸ್ವಂತ ವಿಶ್ವವಿದ್ಯಾಲಯ ಉರಾಕ್ಕಾನ್ ಈ ದಾರಿಯನ್ನೇ ತನ್ನದೆನ್ನುತ್ತದೆ. ಅಲ್ಲಿಯ ಮಾಯಾಂಗ್ನ ವಿದ್ಯಾರ್ಥಿ ತನ್ನ ಅಜ್ಜನ ಮಾತನ್ನು ಪ್ರಬಂಧದಲ್ಲಿ ಆಧಾರವಾಗಿ ಕೊಟ್ಟಾಗ, ಪರೀಕ್ಷಕರು ಅದರ ಪಕ್ಕದಲ್ಲಿ ಅಚ್ಚಾದ ಪುಸ್ತಕವೊಂದರ ಹೆಸರನ್ನೂ ಕೇಳುವರೇ?